‘ನಾಳೆ’ ಮತ್ತು ‘ಈಗ’: ಕ್ರೈಸ್ತ ನಂಬಿಕೆಯಲ್ಲಿ ಪಶ್ಚಾತ್ತಾಪ ಹಾಗೂ ರಕ್ಷಣೆಯ ತುರ್ತು

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯು ಕನ್ನಡ ಮತ್ತು ತೆಲುಗು ಬೆರೆತ ನೆಲ. ಈ ಭಾಗದಲ್ಲಿ ಪ್ರಾಟೆಸ್ಟಂಟ್ ಕ್ರೈಸ್ತಧರ್ಮದ ಪ್ರಚಾರಕ್ಕೆ ಲಂಡನ್ ಮಿಷನ್ನಿನ ಚಿಕ್ಕಬಳ್ಳಾಪುರ ಕೇಂದ್ರವು ಮುಖ್ಯ ನೆಲೆಯಾಗಿತ್ತು. ಪಾಪವನ್ನು ಬಿಟ್ಟು ದೇವರ ಕಡೆಗೆ ತಿರುಗಬೇಕು, ಅದೂ ಇಂದೇ ಆಗಬೇಕು ಎಂಬುದು ಆ ಬೋಧನೆಯ ತಿರುಳು.

ಈ ತಿರುಳನ್ನು ಕನ್ನಡಕ್ಕೆ ತರುವುದು ಸುಲಭವಾಗಿರಲಿಲ್ಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಆರಂಭಿಸಿದ ಬೈಬಲ್ ಅನುವಾದವು 1831ರ ವೇಳೆಗೆ ಪೂರ್ಣಗೊಂಡಿತು. ಗ್ರೀಕ್ ಮೂಲದ ‘ಮೆಟನೋಯ’ ಪದಕ್ಕೆ ಮನಸ್ಸು ಬದಲಾಗುವುದು ಎಂದರ್ಥ. ‘ಪಶ್ಚಾತ್ತಾಪ’ವೆಂದರೆ ಆಮೇಲಿನ ಬೇಗೆ, ಅದರ ನೋಟ ಆಗಿಹೋದುದರ ಮೇಲಿದೆ. ‘ಮಾನಸಾಂತರ’ವು ಮೂಲಕ್ಕೆ ಹತ್ತಿರವಾದರೂ ಗ್ರಾಂಥಿಕವಾದುದು. ಕನ್ನಡ ಬೈಬಲ್ಲಿನಲ್ಲಿ ಬಳಕೆಗೆ ಬಂದ ‘ತಿರುಗಿಕೊಳ್ಳುವುದು’ ಎಂಬ ಮಾತು ದಾರಿ ತಪ್ಪಿದವನಿಗೂ ಅರ್ಥವಾಗುವಂಥದು. ‘ಮೋಕ್ಷ’ದ ಬದಲು ‘ರಕ್ಷಣೆ’ ನೆಲೆನಿಂತದ್ದೂ ಅರ್ಥಪೂರ್ಣವಾಗಿದೆ. ಮೋಕ್ಷವೆಂದರೆ ಜನ್ಮಚಕ್ರದಿಂದ ಬಿಡುಗಡೆ. ಈ ಜನ್ಮದಲ್ಲಿ ಆಗದ್ದಕ್ಕೆ ಇನ್ನೊಂದು ಜನ್ಮವುಂಟು. ಕ್ರೈಸ್ತ ನಂಬಿಕೆಯಲ್ಲಿ ಬಾಳು ಒಂದೇ, ಮರಣಾನಂತರ ನ್ಯಾಯತೀರ್ಪು. ತುರ್ತಿನ ಮೂಲ ಇಲ್ಲಿದೆ.

ಬೈಬಲ್ಲಿನ ಕಥನಗಳು ಈ ತುರ್ತನ್ನು ಹಲವು ಬಗೆಯಲ್ಲಿ ಹೇಳುತ್ತವೆ. ಎಣ್ಣೆಯಿಲ್ಲದ ಕನ್ಯೆಯರಿಗೆ ಮದುವೆಮನೆಯ ಬಾಗಿಲು ಮುಚ್ಚುತ್ತದೆ. ಪೌಲನ ಮಾತಿಗೆ ಬೆದರಿದ ಅಧಿಪತಿ ಫೆಲಿಕ್ಸನು ಬಿಡುವಾದಾಗ ಕರೆಸುವೆನೆಂದು ಮುಂದೂಡುತ್ತಾನೆ. ಆದರೆ ಫಲಬಿಡದ ಅಂಜೂರದ ಮರಕ್ಕೆ ತೋಟಗಾರನು ಇನ್ನೊಂದು ವರ್ಷದ ಗಡುವು ಬೇಡುತ್ತಾನೆ. ಶಿಲುಬೆಯ ಮೇಲಿನ ಕಳ್ಳನಿಗೆ ಕೊನೆಗಳಿಗೆಯಲ್ಲೂ ಕ್ಷಮೆ ದೊರೆಯುತ್ತದೆ.

ಜಾನಪದದೊಂದಿಗಿನ ಹೋಲಿಕೆಯೂ ಇಲ್ಲಿ ಉಪಯುಕ್ತ. ಕರ್ನಾಟಕದ ಹಲವೆಡೆ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದು ಮನೆಗೆ ಬರುವ ದೆವ್ವವನ್ನು ಹಿಂದಿರುಗಿಸುವ ನಂಬಿಕೆಯಿತ್ತು. ನಾಳೆ ಎಂದೂ ಬಾರದು ಎಂಬ ತಿಳಿವಳಿಕೆಯೇ ಅಲ್ಲಿ ರಕ್ಷೆ. ಕ್ರೈಸ್ತ ಬೋಧನೆಯಲ್ಲಿ ಅದೇ ತಿಳಿವಳಿಕೆ ಎಚ್ಚರಿಕೆಯಾಗುತ್ತದೆ: ಕರೆಗೆ ‘ನಾಳೆ ಬಾ’ ಎಂದವನು ರಕ್ಷಣೆಯನ್ನೇ ಹಿಂದಿರುಗಿಸುತ್ತಾನೆ. ಚಿಂತಾಮಣಿ ಸೀಮೆಯ ಕೈವಾರ ತಾತಯ್ಯನವರ ಕಾಲಜ್ಞಾನವೂ ಕಾಲದ ಎಚ್ಚರಿಕೆಯೇ. ಆದರೆ ಅದರ ದೃಷ್ಟಿ ಲೋಕಕ್ಕೆ ಒದಗುವ ಕಾಲದ ಮೇಲಿದ್ದರೆ, ಪಶ್ಚಾತ್ತಾಪದ ಕರೆ ಒಬ್ಬೊಬ್ಬನ ಆಯುಷ್ಯವನ್ನು ಕುರಿತದ್ದು.

ತುರ್ತು ಬರಿಯ ಭಯವಾದಾಗ ಕರೆಯು ಬೆದರಿಕೆಯಾಗಿಬಿಡುವ ಅಪಾಯವಿದೆ. ದಾರಿತಪ್ಪಿದ ಮಗನ ಸಾಮ್ಯದಲ್ಲಿ ಮಗನು ನಡೆದು ಬರುತ್ತಾನೆ, ಓಡಿಬರುವವನು ತಂದೆ. ಈ ನಂಬಿಕೆಯಲ್ಲಿ ಅವಸರ ಮನುಷ್ಯನೊಬ್ಬನದೇ ಅಲ್ಲ, ಕ್ಷಮಿಸುವವನದೂ ಹೌದು. ಸಭೆಗಳಲ್ಲಿ ಭಕ್ತರು ಹೇಳುವ ‘ಸಾಕ್ಷಿ’ಗಳಲ್ಲಿ ಇವೆರಡರಲ್ಲಿ ಯಾವುದು ಮೇಲಾಗಿದೆ ಎಂಬುದನ್ನು ಈ ಸೀಮೆಯ ಎರಡೂ ಭಾಷೆಗಳಲ್ಲಿ ಸಂಗ್ರಹಿಸಿ ಪರಿಶೀಲಿಸುವುದು ಜಾನಪದ ಅಧ್ಯಯನದ ಮುಂದಿರುವ ಕೆಲಸವಾಗಿದೆ.