ದುಃಖಕ್ಕೆ ದಿನವಿಟ್ಟವರು ಯಾರು?

ಕಳೆದ ಮಾಘಮಾಸದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಪಿತೃವಿಯೋಗವಾಯಿತು. ವೈಕುಂಠ ಸಮಾರಾಧನೆಗೆ ಕರೆಯಲೆಂದು ಬಂದವನು ಜಗಲಿಯ ಮೇಲೆ ಕುಳಿತು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದನು: “ಮೇಷ್ಟ್ರೇ, ಅಪ್ಪ ಹೋದಾಗ ನನಗೆ ಅಳು ಬರಲಿಲ್ಲ. ಆಸ್ಪತ್ರೆಯ ಲೆಕ್ಕ, ವ್ಯಾನು, ನೆಂಟರಿಗೆಲ್ಲ ಫೋನು, ಇದರಲ್ಲೇ ಹೊತ್ತು ಹೋಯಿತು. ಮಾರನೆಯ ದಿನ ಸೋದರತ್ತೆ ಊರಿನಿಂದ ಬಂದು ಬಾಗಿಲಲ್ಲಿ ನಿಂತು ಕೂಗಿಕೊಂಡರು ನೋಡಿ, ಆಗ ತಡೆಯಲಾರದಷ್ಟು ಬಂತು. ಅವರು ಬಾರದಿದ್ದರೆ ನಾನು ಅಳುತ್ತಲೇ ಇರಲಿಲ್ಲವೋ ಏನೋ. ಹಾಗಾದರೆ ನಾನು ಅತ್ತದ್ದು ಅಪ್ಪನಿಗಾಗಿಯೋ, ಬಂದವರಿಗಾಗಿಯೋ?”

ಸಮಾಧಾನದ ಎರಡು ಮಾತು ಹೇಳಿ ಕಳುಹಿಸಿದೆವಾದರೂ ಅದು ಉತ್ತರವಲ್ಲವೆಂಬುದು ನಮಗೇ ತಿಳಿದಿದ್ದಿತು. ಇದೇ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆ ಫ್ರಾನ್ಸು ದೇಶದ ಪಂಡಿತನೊಬ್ಬನು ಎತ್ತಿಕೊಂಡು, ಅದಕ್ಕೊಂದು ಉತ್ತರವನ್ನೂ ಬರೆದನು. ಬರೆದ ಮೂರು ವರ್ಷಗಳಲ್ಲಿಯೇ ಆ ಪ್ರಶ್ನೆಯು ಅವನ ಮನೆಯ ಹೊಸಿಲನ್ನು ದಾಟಿ ಒಳಕ್ಕೆ ಬಂದಿತು. ಆ ವೃತ್ತಾಂತವನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವುದಕ್ಕಾಗಿ ಈ ಬರಹ.

ಸಮಾಜವೆಂಬ ಶಬ್ದವನ್ನು ನಾವೆಲ್ಲರೂ ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಆದರೆ ವ್ಯಾಕರಣ ಓದಿದವರಿಗೆ ಅದರ ಹುಟ್ಟಿನಲ್ಲಿಯೇ ಒಂದು ಸ್ವಾರಸ್ಯವು ಕಾಣುವುದು. ‘ಸಮ್’ ಎಂಬ ಉಪಸರ್ಗ. ಅದರ ಮುಂದೆ, ಅಟ್ಟು, ನಡೆಸು ಎಂಬರ್ಥದ ‘ಅಜ್’ ಧಾತು. ಪಶುಗಳ ಹಿಂಡಾದರೆ ‘ಸಮಜ’ವೆಂದೂ, ಮಿಕ್ಕವರ ಕೂಟವಾದರೆ ‘ಸಮಾಜ’ವೆಂದೂ ಪಾಣಿನಿಯ ಸೂತ್ರವು ಬೇರ್ಪಡಿಸುತ್ತದೆ, ಅಮರಕೋಶವೂ ಹಾಗೆಯೇ ಹೇಳುತ್ತದೆ. ದನದ ಮಂದೆಗೂ ಮನುಷ್ಯರ ಕೂಟಕ್ಕೂ ಶಬ್ದದಲ್ಲಿರುವ ಅಂತರವೆಲ್ಲ ಒಂದೇ ಒಂದು ದೀರ್ಘ! ಆ ದೀರ್ಘದೊಳಗೆ ಅಡಗಿರುವುದು ಏನೆಂಬುದೇ ಸಮಾಜಶಾಸ್ತ್ರದ ಮೊದಲ ಪ್ರಶ್ನೆಯೆನ್ನಬಹುದು. ಈ ಶಾಸ್ತ್ರಕ್ಕೆ ‘ಸೋಸಿಯಾಲಜಿ’ ಎಂಬ ಹೆಸರನ್ನು ರೂಢಿಗೆ ತಂದವನು ಫ್ರಾನ್ಸಿನ ಆಗಸ್ಟ್ ಕಾಂಟ್. 1839ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಅದು ಬಂದಿತು. ಪೂರ್ವಪದ ಲ್ಯಾಟಿನ್, ಉತ್ತರಪದ ಗ್ರೀಕ್. ನಮ್ಮ ಕೇಶಿರಾಜನ ಕೈಗೆ ಸಿಕ್ಕಿದ್ದರೆ ಅರಿಸಮಾಸವೆಂದು ಹೊಡೆದುಹಾಕಿಬಿಡುತ್ತಿದ್ದನು.

ಹೆಸರಿಟ್ಟವನು ಕಾಂಟನಾದರೆ, ಅದನ್ನು ವಿಶ್ವವಿದ್ಯಾನಿಲಯದ ವಿದ್ಯೆಯನ್ನಾಗಿ ಮಾಡಿದವರಲ್ಲಿ ಅಗ್ರಗಣ್ಯನು ಎಮಿಲ್ ಡರ್ಖೈಮ್. ಈತನು 1858ರಲ್ಲಿ ಎಪಿನಾಲ್ ಎಂಬ ಊರಿನಲ್ಲಿ, ಯೆಹೂದ್ಯರ ಪುರೋಹಿತ ವಂಶದಲ್ಲಿ ಹುಟ್ಟಿದನು. ತಂದೆ, ತಾತ, ಮುತ್ತಾತ ಮೂವರೂ ರಬ್ಬಿಗಳು. ಮಗನೂ ಅದೇ ಪೀಠಕ್ಕೆ ಬರಬೇಕಾಗಿದ್ದವನು ಆ ಹಾದಿಯನ್ನು ಬಿಟ್ಟು ತತ್ತ್ವಶಾಸ್ತ್ರವನ್ನು ಹಿಡಿದನು. 1887ರಲ್ಲಿ ಬೋರ್ಡೋ ನಗರದಲ್ಲಿ ಅವನಿಗೆ ದೊರೆತ ಕೆಲಸವು ಉಪಾಧ್ಯಾಯರಾಗುವವರಿಗೆ ಶಿಕ್ಷಣಶಾಸ್ತ್ರವನ್ನು ಬೋಧಿಸುವುದು. ಅದರ ಜೊತೆಯಲ್ಲಿಯೇ ಸಮಾಜವಿಜ್ಞಾನ. 1902ರಲ್ಲಿ ಪ್ಯಾರಿಸಿನ ಸೋರ್ಬಾನಿಗೆ ಹೋದಾಗಲೂ ಶಿಕ್ಷಣದ ಪೀಠಕ್ಕೇ ಹೋದದ್ದು. ಹೀಗೆ ಈತನು ಮೂಲತಃ ಮೇಷ್ಟರುಗಳ ಮೇಷ್ಟರು. ಅದರಿಂದಲೇ ನಮಗೆ ಈತನಲ್ಲಿ ಸ್ವಲ್ಪ ಪಕ್ಷಪಾತವೆಂದು ಒಪ್ಪಿಕೊಂಡುಬಿಡುತ್ತೇವೆ.

1895ರಲ್ಲಿ ಈತನು ತನ್ನ ಶಾಸ್ತ್ರದ ನಿಯಮಗಳನ್ನು ಹೇಳುವ ಸಣ್ಣದೊಂದು ಗ್ರಂಥವನ್ನು ಪ್ರಕಟಿಸಿದನು. ಅದರ ತಿರುಳು ಇಷ್ಟು: ನಾವು ಮಾಡುವ, ಎಣಿಸುವ, ಅನುಭವಿಸುವ ರೀತಿಗಳಲ್ಲಿ ಕೆಲವು ನಮ್ಮಿಂದ ಹುಟ್ಟಿದವಲ್ಲ. ನಾವು ಹುಟ್ಟುವ ಮೊದಲೇ ಅವು ಇದ್ದುವು. ನಾವು ಹೋದ ಮೇಲೂ ಇರುವುವು. ಅವುಗಳಿಗೆ ನಮ್ಮನ್ನು ಕಟ್ಟುವ ಶಕ್ತಿಯುಂಟು. ಇವನ್ನು ಅವನು ‘ಸಾಮಾಜಿಕ ಸಂಗತಿ’ಗಳೆಂದು ಕರೆದು, ಕಲ್ಲುಮರಗಳನ್ನು ಹೇಗೋ ಹಾಗೆಯೇ ಇವನ್ನೂ ಹೊರಗಿನ ವಸ್ತುಗಳೆಂದು ಭಾವಿಸಿ ಪರೀಕ್ಷಿಸಬೇಕೆಂದನು. ಇದು ದೊಡ್ಡ ಮಾತಿನಂತೆ ಕಂಡರೂ ಪ್ರತಿ ಗೃಹಸ್ಥನ ಅನುಭವದಲ್ಲಿರುವುದೇ. ಕನ್ನಡವನ್ನು ನಮ್ಮಲ್ಲಿ ಯಾರು ಮಾಡಿದೆವು? ಆದರೂ ವಿಭಕ್ತಿಯೊಂದನ್ನು ನಮ್ಮಿಷ್ಟದಂತೆ ಬದಲಾಯಿಸಿ ನಾಲ್ಕು ಜನರಲ್ಲಿ ಮಾತನಾಡಿ ನೋಡಿದರೆ ಗೊತ್ತಾಗುವುದು. ಸೆರೆಮನೆಯಿಲ್ಲ, ದಂಡವಿಲ್ಲ, ನಗುವರು ಅಷ್ಟೆ. ಆ ನಗೆಯೂ ದಂಡನೆಯೇ ಎಂದು ಡರ್ಖೈಮನು ಎತ್ತಿ ತೋರಿಸಿದನು. ಮೊದಲ ದಿನ ಶಾಲೆಯ ಕಂಬವನ್ನು ತಬ್ಬಿಕೊಂಡು ಅತ್ತ ಮಗುವು ಆರು ತಿಂಗಳಿಗೆ ಗಂಟೆಯ ಸದ್ದಿಗೆ ತಾನಾಗಿಯೇ ಸಾಲಿನಲ್ಲಿ ನಿಲ್ಲುವುದನ್ನು ಮೂವತ್ತು ವರ್ಷ ಕಂಡ ನಮಗೆ, ಹೊರಗಿನ ಕಟ್ಟು ಒಳಗಿನ ಅಭ್ಯಾಸವಾಗುವ ಬಗೆಯನ್ನು ಬೇರೆಯವರು ಹೇಳಬೇಕಾಗಿರಲಿಲ್ಲ.

ಆದರೆ ಮಾತು, ಉಡುಪು, ಶಾಲೆಯ ಗಂಟೆ ಇವು ಹೊರಗಿನವೆಂದರೆ ಯಾರೂ ಒಪ್ಪುವರು. ಕಣ್ಣೀರು? ಅದಾದರೂ ಅವರವರ ಸ್ವಂತವಲ್ಲವೆ?

1912ರಲ್ಲಿ ಹೊರಬಂದ, ಧಾರ್ಮಿಕ ಜೀವನದ ಮೂಲರೂಪಗಳನ್ನು ಕುರಿತ ತನ್ನ ಮಹಾಗ್ರಂಥದಲ್ಲಿ, ಉಪಸಂಹಾರಕ್ಕೆ ಮುಂಚಿನ ಅಧ್ಯಾಯದಲ್ಲಿ, ಡರ್ಖೈಮನು ಕೈಹಾಕಿದ್ದು ಇದಕ್ಕೇ. ಆಸ್ಟ್ರೇಲಿಯದ ಮಧ್ಯಭಾಗದ ವರಮುಂಗರೆಂಬ ಮೂಲನಿವಾಸಿಗಳ ವಿಷಯವಾಗಿ ಸ್ಪೆನ್ಸರ್ ಮತ್ತು ಗಿಲೆನ್ ಎಂಬಿಬ್ಬರು ಕಣ್ಣಾರೆ ಕಂಡು ಬರೆದ ವರದಿಗಳೇ ಅವನಿಗೆ ಆಧಾರ. ಒಬ್ಬನು ಕೊನೆಯುಸಿರೆಳೆಯುವಾಗಲೇ ಪಾಳೆಯವೆಲ್ಲ ಕೂಗುತ್ತ ಓಡಿಬರುವುದು. ಗಂಡಸರಲ್ಲಿ ಕೆಲವರು ತಮ್ಮ ತೊಡೆಯನ್ನು ಸೀಳಿಕೊಳ್ಳುವರು. ಹೆಂಗಸರು ಗೆಡ್ಡೆ ಅಗೆಯುವ ಕೋಲಿನಿಂದ ತಲೆಯನ್ನು ಹೊಡೆದುಕೊಳ್ಳುವರು. ಯಾರು ಏನು ಮಾಡಬೇಕೆಂಬುದು ಅವರವರ ದುಃಖದ ಪ್ರಮಾಣದ ಮೇಲಲ್ಲ, ಸತ್ತವನೊಡನೆ ಅವರಿಗಿದ್ದ ನೆಂಟಸ್ತಿಕೆಯ ಮೇಲೆ ಗೊತ್ತಾಗಿದೆ. ವಿಧವೆಯು ತಿಂಗಳುಗಟ್ಟಲೆ ಮೌನದಿಂದಿರಬೇಕು. ಕೈಸನ್ನೆಯಲ್ಲಿಯೇ ಎಲ್ಲ ವ್ಯವಹಾರ. ಆ ಅಭ್ಯಾಸ ಬಲಿತು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬಾಯಿಬಿಡದ ಮುದುಕಿಯೊಬ್ಬಳನ್ನು ಆ ವರದಿಗಾರರು ಕಂಡಿದ್ದರು.

ಇದರಿಂದ ಡರ್ಖೈಮನು ತೆಗೆದ ನಿರ್ಣಯವು ಕಠಿನವಾದದ್ದು. ಶೋಕಾಚರಣೆಯು ವ್ಯಕ್ತಿಯ ಮನಸ್ಸಿನಿಂದ ತಾನಾಗಿ ಉಕ್ಕುವ ಭಾವವಲ್ಲ; ಕುಲವು ತನ್ನವರ ಮೇಲೆ ಹೊರಿಸುವ ಕರ್ತವ್ಯ. ಒಬ್ಬನು ಸತ್ತರೆ ಕುಲದ ಒಂದಂಶವೇ ಕುಗ್ಗುತ್ತದೆ. ಕುಗ್ಗಿದ ಕುಲವು ಒಂದೆಡೆ ಸೇರುತ್ತದೆ. ಸೇರಿದಾಗ ಒಬ್ಬರ ಅಳು ಇನ್ನೊಬ್ಬರಲ್ಲಿ ಹೊತ್ತಿಕೊಂಡು ಇಮ್ಮಡಿಸುತ್ತದೆ. ಆ ಕೂಡುವಿಕೆಯಿಂದಲೇ ‘ನಾವು ಇನ್ನೂ ಇದ್ದೇವೆ’ ಎಂಬ ಬಲವು ಮರಳಿ, ಶೋಕವು ತನ್ನ ಅವಧಿಯನ್ನು ಮುಗಿಸುತ್ತದೆ. ಜೆರೂಸಲೇಮಿನ ಪತನದ ದಿನದಂದು ಉಪವಾಸವಿರುವ ಯೆಹೂದ್ಯನು ಕೂಡ ಆ ದಿನ ತಾನಾಗಿ ಬಂದ ದುಃಖದಿಂದ ಹಾಗೆ ಮಾಡುವುದಿಲ್ಲವೆಂದು ಅವನು ಬರೆದನು. ರಬ್ಬಿಯ ಮಗನು ಇದನ್ನು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ಧರ್ಮಶಾಸ್ತ್ರವನ್ನು ಬಲ್ಲ ವಾಚಕರಿಗೆ ಇದು ಅಪರಿಚಿತವೇನಲ್ಲ. ಸಪಿಂಡರಿಗೆ ಹತ್ತು ದಿನ, ಸಮಾನೋದಕರಿಗೆ ಮೂರು ದಿನ. ಮನುವಿನ ಮತದಲ್ಲಿ ಆಚಾರ್ಯನು ತೀರಿಕೊಂಡರೆ ಶಿಷ್ಯನಿಗೆ ಮೂರು ರಾತ್ರಿ. ಶಿಷ್ಯನು ತೀರಿಕೊಂಡರೆ ಆಚಾರ್ಯನಿಗೆ ಒಂದು ರಾತ್ರಿಯೂ ಅದರ ಎರಡು ಪಕ್ಕದ ಹಗಲುಗಳೂ ಮಾತ್ರ. ಸೋದರಮಾವನಿಗೂ ಅಷ್ಟೇ, ಅವನು ನಮ್ಮನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದವನಾಗಿರಲಿ, ಮುಖವನ್ನೇ ನೋಡದವನಾಗಿರಲಿ. ಅಶೌಚವೆಂದರೆ ಅಶುದ್ಧಿಯೇ ಹೊರತು ಶೋಕವಲ್ಲವೆಂದು ಪಂಡಿತರು ಆಕ್ಷೇಪಿಸಬಹುದು. ಆಕ್ಷೇಪವು ಸರಿಯೇ. ಆದರೆ ಮನೆಗಳಲ್ಲಿ ಎರಡೂ ಒಂದೇ ಚಾಪೆಯ ಮೇಲೆ ಕುಳಿತಿರುತ್ತವೆ.

ಡರ್ಖೈಮನು ಆಸ್ಟ್ರೇಲಿಯವನ್ನು ಕಂಡವನಲ್ಲ. ಅವನ ವಿಚಾರಗಳನ್ನು ಹಿಡಿದು ಆಂಗ್ಲ ಪಂಡಿತ ರ‍್ಯಾಡ್‌ಕ್ಲಿಫ್-ಬ್ರೌನನು ನಮ್ಮ ಅಂಡಮಾನ್ ದ್ವೀಪದವರನ್ನು ಕುರಿತು 1922ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕಿಂತಲೂ ವಿಚಿತ್ರವಾದ ಸಂಗತಿಯುಂಟು. ಅಲ್ಲಿಯವರು ಸಾವಿನಲ್ಲಿ ಮಾತ್ರವಲ್ಲ, ಬಹುಕಾಲದ ಮೇಲೆ ನೆಂಟರು ಭೇಟಿಯಾದಾಗ, ಮದುವೆಯಲ್ಲಿ, ಜಗಳ ಮುಗಿದು ಸಂಧಿಯಾದಾಗ, ಒಬ್ಬರನ್ನೊಬ್ಬರು ಅಪ್ಪಿಕೊಂಡು ವಿಧಿಪೂರ್ವಕವಾಗಿ ಅಳುವರು. ತೋರಿಸಿರೆಂದು ಕೇಳಿದರೆ ಆಗಲೇ ಕುಳಿತು ನಿಜವಾದ ಕಣ್ಣೀರನ್ನೇ ಸುರಿಸಿಬಿಡುತ್ತಿದ್ದರಂತೆ. ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ಮನೆಯವರೆಲ್ಲ ಕಣ್ಣೊರಸಿಕೊಳ್ಳುವುದನ್ನು ಕಂಡ ನಮ್ಮ ಗೃಹಿಣಿಯರಿಗೆ ಇದು ಅಷ್ಟೇನೂ ವಿಚಿತ್ರವಾಗಿ ತೋರದು. ಇದೇ ರ‍್ಯಾಡ್‌ಕ್ಲಿಫ್-ಬ್ರೌನನ ಬಳಿ, ಆಮೇಲೆ ಅವನ ಪೀಠಕ್ಕೆ ಬಂದ ಈವಾನ್ಸ್-ಪ್ರಿಚರ್ಡನ ಬಳಿ, ಆಕ್ಸ್‌ಫರ್ಡಿನಲ್ಲಿ ಅಭ್ಯಾಸ ಮಾಡಿದವರು ಮೈಸೂರಿನ ಎಂ. ಎನ್. ಶ್ರೀನಿವಾಸರು. ಕೊಡಗರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಅಚ್ಚಾದ ಅವರ ಗ್ರಂಥದಲ್ಲಿ, ಆಚರಣೆಗಳು ಮನೆತನವನ್ನೂ ಊರನ್ನೂ ನಾಡನ್ನೂ ಹೇಗೆ ಒಟ್ಟುಗೂಡಿಸುತ್ತವೆಂಬ ವಿಚಾರವು ಈ ಪರಂಪರೆಯದೇ.

ಆದರೆ ಇಲ್ಲಿ ಒಂದು ಮುಳ್ಳಿದೆ. ಕರ್ತವ್ಯವೆಂದು ಅತ್ತರೆ ಆ ಅಳು ಸುಳ್ಳಾಗಲಿಲ್ಲವೆ? ಮೇಲೆ ಹೇಳಿದ ಈವಾನ್ಸ್-ಪ್ರಿಚರ್ಡನೇ 1965ರ ತನ್ನ ಪುಸ್ತಕದಲ್ಲಿ, ಗುಂಪಿನ ಆವೇಶದಿಂದ ಧರ್ಮವನ್ನು ಹುಟ್ಟಿಸಿದ ಡರ್ಖೈಮನ ವಾದವನ್ನು ಕಟುವಾಗಿ ಟೀಕಿಸಿದನು. ನಮಗೂ ಹಾಗೆಯೇ ತೋರುತ್ತದೆ. ಮಗುವನ್ನು ಕಳೆದುಕೊಂಡ ತಾಯಿಯು ನೆರೆಯವರು ಬರುವವರೆಗೆ ಕಾಯುವುದಿಲ್ಲ. ಒಳಗೆ ಏನೂ ಇಲ್ಲದೆ ಕೂಟವೇ ದುಃಖವನ್ನು ಸೃಷ್ಟಿಸುವುದೆಂದು ಹೇಳಿದರೆ ಅದು ಕಂಡ ಮಾತಲ್ಲ.

1914ರಲ್ಲಿ ಮಹಾಯುದ್ಧವು ಆರಂಭವಾಯಿತು. ಡರ್ಖೈಮನ ಶಿಷ್ಯಮಂಡಲಿಯಲ್ಲಿ ರಾಬರ್ಟ್ ಹರ್ಟ್ಸ್ ಎಂಬ ತರುಣನಿದ್ದನು. ಬೋರ್ನಿಯೋ ದ್ವೀಪದಲ್ಲಿ ಒಂದು ಹೆಣಕ್ಕೆ ಎರಡು ಬಾರಿ ಸಂಸ್ಕಾರವೇಕೆಂದು ವಿಚಾರಿಸಿ, ಸತ್ತವನನ್ನು ಬಿಟ್ಟುಕೊಡುವುದಕ್ಕೆ ಸಮಾಜಕ್ಕೂ ಕಾಲ ಹಿಡಿಯುವುದೆಂದು 1907ರಲ್ಲಿ ತೋರಿಸಿದವನು ಅವನು. 1915ರ ಏಪ್ರಿಲಿನಲ್ಲಿ, ಮೂವತ್ತಮೂರರ ಪ್ರಾಯದಲ್ಲಿ, ರಣರಂಗದಲ್ಲಿ ಮಡಿದನು. ಡರ್ಖೈಮನ ಒಬ್ಬನೇ ಮಗ ಆಂದ್ರೆಯು ಭಾಷಾಶಾಸ್ತ್ರದ ವಿದ್ಯಾರ್ಥಿ. ಸಂಸ್ಕೃತವೂ ಸೇರಿದ ಭಾಷಾಕುಟುಂಬದ ಪಂಡಿತನಾದ ಮೇಯೆಯ ಶಿಷ್ಯ. ಅದೇ ವರ್ಷದ ಡಿಸೆಂಬರಿನಲ್ಲಿ ಬಾಲ್ಕನ್ ಪ್ರಾಂತದ ಯುದ್ಧದಲ್ಲಿ ಅವನೂ ಹೋದನು. ಮೊದಲು ಕಾಣೆಯಾದನೆಂದು ಮಾತ್ರ ಸುದ್ದಿ; ನಿಶ್ಚಯವಾಗಲು 1916ರ ವಸಂತದವರೆಗೆ ಕಾಯಬೇಕಾಯಿತು. ಆ ನಡುವೆಯೇ ಫ್ರಾನ್ಸಿನ ಸೆನೇಟ್ ಸಭೆಯಲ್ಲಿ ಸದಸ್ಯನೊಬ್ಬನು, ಈ ವಿದೇಶೀ ಹೆಸರಿನ ಅಧ್ಯಾಪಕನು ಶತ್ರುಪಕ್ಷದವನಿರಬಹುದೆಂಬಂತೆ ಮಾತನಾಡಿದನು. ಸಮಾಜವೇ ವ್ಯಕ್ತಿಗಿಂತ ದೊಡ್ಡದೆಂದು ಸಾರಿದವನಿಗೆ ಸಮಾಜವು ಕೊಟ್ಟ ಸಾಂತ್ವನವಿದು!

ಡರ್ಖೈಮನು ಶೋಕವನ್ನು ಹೇಗೆ ಆಚರಿಸಿದನು? ತನ್ನೆದುರಿನಲ್ಲಿ ಮಗನ ಹೆಸರೆತ್ತಬಾರದೆಂದು ಮಿತ್ರರಿಗೆ ವಿಧಿಸಿದನು. ಕೆಲಸದಲ್ಲಿ ಮುಳುಗಿದನು. ಹಿರಿಯರ ಆಚಾರವನ್ನು ಬಿಟ್ಟು ಬಹಳ ಕಾಲವಾಗಿದ್ದಿತು. ಅದರ ಸ್ಥಾನದಲ್ಲಿ ಕುಳಿತು ಅಳುವುದಕ್ಕೆ ಬೇರೊಂದು ಚಾಪೆಯಿರಲಿಲ್ಲ. ತಾವು ಓದಿದ್ದ ಶಾಲೆಯ ವಾರ್ಷಿಕ ಸಂಚಿಕೆಗೆ ಮಗನ ಬಗೆಗೆ ಚಿಕ್ಕದೊಂದು ಚರಮಲೇಖವನ್ನು ಮಾತ್ರ ಬರೆದುಕೊಟ್ಟನು. 1917ರ ನವೆಂಬರ್ 15ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ತಾನೂ ಹೊರಟುಹೋದನು. ವರಮುಂಗರ ವಿಧವೆಯ ಮೌನವನ್ನು ವಿವರಿಸಿದ್ದವನ ಮೌನವನ್ನು ನೆನೆದಾಗ ನಮಗೆ ಪುಸ್ತಕವನ್ನು ಮುಚ್ಚಿಡುವಂತಾಗುತ್ತದೆ. ಆದರೆ ಒಂದು ಭೇದವುಂಟು. ಆಕೆಯ ಮೌನವನ್ನು ಕುಲವೇ ವಿಧಿಸಿತ್ತು. ಅದರ ಅರ್ಥವು ಸುತ್ತಲಿನವರಿಗೆ ತಿಳಿದಿದ್ದಿತು. ಇವನ ಮೌನಕ್ಕೆ ಇವನೊಬ್ಬನೇ ಒಡೆಯ.

ಮುಳ್ಳನ್ನು ತೆಗೆದವನು ಅವನ ಸೋದರಿಯ ಮಗ ಮಾರ್ಸೆಲ್ ಮೋಸ್. ಸಿಲ್ವೆನ್ ಲೆವಿಯವರ ಬಳಿ ಸಂಸ್ಕೃತವನ್ನು ಓದಿದವನು. ಯುದ್ಧದಿಂದ ಬದುಕಿ ಬಂದವನು. 1921ರಲ್ಲಿ ಅವನು ಪ್ರಕಟಿಸಿದ ಒಂದು ಕಿರುಲೇಖನವು, ಭಾವಗಳನ್ನು ಕಡ್ಡಾಯವಾಗಿ ತೋರಿಸುವುದನ್ನು ಕುರಿತದ್ದು; ಉದಾಹರಣೆಗಳು ಅದೇ ಆಸ್ಟ್ರೇಲಿಯದವು. ಕಡ್ಡಾಯವಾದ ಮಾತ್ರಕ್ಕೆ ಕಣ್ಣೀರು ಸುಳ್ಳಾಗದೆಂದು ಅವನ ವಾದ. ಈ ಕೂಗು, ಈ ಹಾಡು, ಈ ಎದೆಬಡಿತ ಇವೆಲ್ಲ ಒಂದು ಭಾಷೆ. ಮನುಷ್ಯನು ಅದನ್ನು ಇತರರಿಗಾಗಿ ಆಡುತ್ತಾನೆ. ಹಾಗೆ ಆಡುವುದರಿಂದಲೇ ತನಗೂ ತಿಳಿಯಪಡಿಸಿಕೊಳ್ಳುತ್ತಾನೆ. ಭಾಷೆಯನ್ನು ನಾವು ಮಾಡಲಿಲ್ಲ, ನಿಜ. ಹಾಗೆಂದು ನಾವಾಡಿದ ಮಾತು ನಮ್ಮದಲ್ಲವೆ?

ಸಮಾರಾಧನೆಯ ದಿನ ನಾವು ಸ್ವಲ್ಪ ಮುಂಚಿತವಾಗಿಯೇ ಹೋಗಿ, ಆ ಹುಡುಗನನ್ನು ಹಿತ್ತಿಲಿಗೆ ಕರೆದು, ಇಷ್ಟನ್ನೂ ನಮಗೆ ತಿಳಿದಂತೆ ಹೇಳಿದೆವು. ಅತ್ತದ್ದು ಅಪ್ಪನಿಗಾಗಿಯೇ, ಅತ್ತೆಯವರು ಬಂದು ಅದಕ್ಕೆ ಮಾತು ಕೊಟ್ಟರು ಅಷ್ಟೆ, ಎಂದೆವು. ಅವನು ಸುಮ್ಮನೆ ಕೇಳಿದನು. ಸ್ವಲ್ಪ ಹೊತ್ತಿನ ಮೇಲೆ, “ಆ ಪಂಡಿತರಿಗೆ ಸೋದರತ್ತೆ ಇರಲಿಲ್ಲವೇ, ಮೇಷ್ಟ್ರೇ?” ಎಂದನು. ನಾವು ಬಾಯಿ ತೆರೆಯುವಷ್ಟರಲ್ಲಿ, ಎಲೆ ಹಾಕಿದೆ, ಕೈಕಾಲು ತೊಳೆದುಕೊಂಡು ಬನ್ನಿರೆಂದು ಆಕೆಯೇ ಒಳಗಿನಿಂದ ಕೂಗಿದರು.