ಶಾಲೆಯ ಹಣ, ಮಕ್ಕಳ ಮಾತು

ಬೋಧನಾಭ್ಯಾಸಕ್ಕೆ ಹೋಗಿದ್ದ ಮಡಿಕೇರಿ ಬಳಿಯ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಗೆ ಪ್ರಜಾಪ್ರಭುತ್ವದ ಪಾಠ ಮಾಡಬೇಕಿತ್ತು. ಮುಖ್ಯಶಿಕ್ಷಕರ ಅನುಮತಿ ಪಡೆದು ಶಾಲಾ ಅನುದಾನವನ್ನೇ ಉದಾಹರಣೆಯಾಗಿ ತೆಗೆದುಕೊಂಡೆ. ಸಮಗ್ರ ಶಿಕ್ಷಣ ಯೋಜನೆಯಡಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿವರೆಗೆ ಅನುದಾನವಿದೆ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ. ಖರ್ಚಿನ ತೀರ್ಮಾನ ಎಸ್‌ಡಿಎಂಸಿಯದು, ಮಕ್ಕಳದು ಸಲಹೆ ಮಾತ್ರ. ಇದನ್ನು ಮೊದಲೇ ತಿಳಿಸಿದೆ; ಇಲ್ಲದಿದ್ದರೆ ಸುಳ್ಳು ಭರವಸೆ ಕೊಟ್ಟಂತಾಗುತ್ತಿತ್ತು.

“ಏನು ಬೇಕು?” ಎಂದು ಕೇಳಿ ಕೈ ಎತ್ತಿಸಿದೆ. ಕ್ರಿಕೆಟ್ ಕಿಟ್ ಗೆದ್ದಿತು. ಕಾಫಿ ತೋಟದ ಲೈನ್ ಮನೆಗಳ ಮಕ್ಕಳು ಪಕ್ಕದವರ ಮುಖ ನೋಡಿ ಕೈ ಎತ್ತಿದ್ದರು. ಹೆಣ್ಣುಮಕ್ಕಳು ಮಾತೇ ಆಡಲಿಲ್ಲ. ತಪ್ಪು ನನ್ನ ವಿಧಾನದ್ದು.

ಮರುದಿನ ಹೆಸರಿಲ್ಲದ ಚೀಟಿ ಬರೆಸಿದೆ. ಹುಡುಗಿಯರ ಶೌಚಾಲಯಕ್ಕೆ ಚಿಲಕವಿಲ್ಲ, ಒದ್ದೆ ಕೊಡೆ ಇಡಲು ಜಾಗವಿಲ್ಲ ಎಂಬ ಮಾತುಗಳು ಆಗ ಹೊರಬಂದವು. ಮಕ್ಕಳು ಅಂಗಡಿಯಲ್ಲಿ ಬೆಲೆ ವಿಚಾರಿಸಿ ಬಂದರು. ನಂತರ ಒಬ್ಬೊಬ್ಬರಿಗೂ ಮೂರು ಕಾಫಿ ಬೀಜ ಕೊಟ್ಟು, ಮುಚ್ಚಿದ ಡಬ್ಬಿಗಳಿಗೆ ಹಾಕಿಸಿದೆ. ಚಿಲಕವನ್ನು ಮಾತ್ರ ಮತಕ್ಕೆ ಹಾಕಲಿಲ್ಲ. ಸುರಕ್ಷತೆ ಬಹುಮತಕ್ಕೆ ಬಿಡುವ ವಿಷಯವೇ ಎಂಬ ಚರ್ಚೆಯೇ ಅಂದಿನ ಪಾಠವಾಯಿತು.

ಎಸ್‌ಡಿಎಂಸಿ ಚಿಲಕಕ್ಕೂ ಕೊಡೆ ಸ್ಟ್ಯಾಂಡಿಗೂ ಒಪ್ಪಿತು. ಕಿಟ್‌ಗೆ ಒಪ್ಪಲಿಲ್ಲ, ಆಟದ ಸಾಮಗ್ರಿಗೆ ಬೇರೆ ಅನುದಾನವಿದೆ ಎಂದು ಅಧ್ಯಕ್ಷರೇ ತರಗತಿಗೆ ಬಂದು ವಿವರಿಸಿದರು. ಕಾರಣ ತಿಳಿದ ಮೇಲೆ ಕಿಟ್ ಕೇಳಿದ್ದವರೂ ಮುನಿಸಿಕೊಳ್ಳಲಿಲ್ಲ. ಈ ಹಣದಲ್ಲಿ ಆಗದ ನೀರಿನ ಪೈಪಿನ ಬೇಡಿಕೆಯನ್ನು ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆಂದು ಬರೆದಿಟ್ಟಿದ್ದಾರೆ.

ಕೇಳುವುದಷ್ಟೇ ಸಾಲದು. ಕೇಳಿದ್ದು ಏನಾಯಿತೆಂದು ಮಕ್ಕಳಿಗೆ ಮರಳಿ ಹೇಳುವ ಒಂದು ಅವಧಿಯನ್ನೂ ಪಾಠಯೋಜನೆಯಲ್ಲಿ ಸೇರಿಸಿ.