ಒಂದು ಚುಕ್ಕೆ ತಪ್ಪಿದರೆ ಹತ್ತು ಪಟ್ಟು ಔಷಧ!



ಮಗುವಿಗೆ ಸಾಸವಡದಲ್ಲಿ ಮೊದಲ ಚಿಕಿತ್ಸೆ ಕೊಡಿಸಿ, ಜಾಸ್ತಿಯಾದರೆ ದಿವೆ ಘಾಟ್ ಇಳಿದು ಪುಣೆಯ ದೊಡ್ಡ ಆಸ್ಪತ್ರೆಗೆ ಓಡಬೇಕಾಗುತ್ತದೆ. ಆಗ ನಿಮ್ಮ ಕೈಯಲ್ಲಿರುವ ಫೈಲಿನಲ್ಲಿ ಎರಡು ಸಂಗತಿ ಇದೆಯೇ ನೋಡಿಕೊಳ್ಳಿ: ಮಗುವಿನ ಇವತ್ತಿನ ತೂಕ, ಈಗಾಗಲೇ ಕೊಟ್ಟ ಔಷಧಗಳ ಹೆಸರು, ಪ್ರಮಾಣ ಮತ್ತು ವೇಳೆ. ಯಾಕೆ ಅಂತೀರಾ?

ದೊಡ್ಡವರಿಗೆ 'ಒಂದು ಮಾತ್ರೆ' ಅಂದರೆ ಮುಗಿಯಿತು. ಮಕ್ಕಳಿಗೆ ಹಾಗಲ್ಲ. ಹೆಚ್ಚಿನ ಔಷಧಗಳನ್ನು ಕಿಲೋಗೆ ಇಷ್ಟು ಎಂದು ಲೆಕ್ಕ ಹಾಕಿಯೇ ಕೊಡಬೇಕು. 3 ಕಿಲೋ ಹಸುಗೂಸಿಗೂ 30 ಕಿಲೋ ಹುಡುಗನಿಗೂ ಹತ್ತು ಪಟ್ಟು ಅಂತರ! ಇಂಜೆಕ್ಷನ್ ಸೀಸೆಗಳಲ್ಲಿ ಎಷ್ಟೋ ದೊಡ್ಡವರ ಅಳತೆಗೆ ತಯಾರಾದವು. ನರ್ಸ್ ಅದರಿಂದ ಚೂರೇ ಚೂರು ಎಳೆದು ಕೊಡಬೇಕು. 1.0 ಎಂದು ಬರೆದದ್ದರಲ್ಲಿ ಚುಕ್ಕೆ ಮಸುಕಾದರೆ ಅದು 10 ಆಗಿಬಿಡುತ್ತದೆ.

ಕೆಲವು ಔಷಧಗಳಲ್ಲಿ ಇಂಥ ತಪ್ಪು ಜೀವಕ್ಕೇ ಅಪಾಯ. ಇನ್ಸುಲಿನ್, ಹೆಪಾರಿನ್, ಮಾರ್ಫಿನ್, ಪೊಟ್ಯಾಸಿಯಂ ಕ್ಲೋರೈಡ್, ಕ್ಯಾನ್ಸರ್ ಔಷಧಗಳು ಈ ಸಾಲಿಗೆ ಸೇರುತ್ತವೆ. ಪೊಟ್ಯಾಸಿಯಂ ಅನ್ನು ತೆಳು ಮಾಡದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲಬಹುದು. ನಮ್ಮ ದೇಶದಲ್ಲಿ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್, 100 ಯೂನಿಟ್ ಎರಡೂ ಸಿಗುತ್ತದೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ.

ದೊಡ್ಡ ಊರಿನ ಆಸ್ಪತ್ರೆಗಳಲ್ಲೂ ಎಡವಟ್ಟು ಆಗಿದೆ. 2006ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಹೆಪಾರಿನ್ ಅತಿಯಾಗಿ ಮೂರು ಶಿಶುಗಳು ತೀರಿಕೊಂಡವು. ಮರುವರ್ಷ ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ನಟ ಡೆನಿಸ್ ಕ್ವೇಡ್ ಅವರ ಅವಳಿ ಕೂಸುಗಳಿಗೆ 10 ಯೂನಿಟ್ಟಿನ ಬದಲು 10,000 ಯೂನಿಟ್ಟಿನ ಸೀಸೆಯ ಹೆಪಾರಿನ್ ಹೋಯಿತು. ಸಾವಿರ ಪಟ್ಟು! ಎರಡೂ ಸೀಸೆಗಳ ಲೇಬಲ್ ನೀಲಿಯೇ. ಪುಣ್ಯಕ್ಕೆ ಮಕ್ಕಳು ಉಳಿದವು.

ಇದಕ್ಕೆ ಉಪಾಯವೂ ಇದೆ. ಗಟ್ಟಿ ಪೊಟ್ಯಾಸಿಯಂ ಅನ್ನು ವಾರ್ಡಿನಲ್ಲಿ ಇಡಬಾರದು. ಅಪಾಯದ ಔಷಧವನ್ನು ಇಬ್ಬರು ಬೇರೆಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಬೇಕು. ಮೂರನೆಯ ಕಣ್ಣು ನಿಮ್ಮದಾಗಲಿ.

ನೀವು ಕೇಳಬೇಕಾದದ್ದು:

* ತೂಕ ಎಷ್ಟು ಬರೆದಿದ್ದೀರಿ? ಕಿಲೋದಲ್ಲೇ ತಾನೆ?
* ಇದು ಯಾವ ಔಷಧ, ಯಾತಕ್ಕೆ?
* ಎಷ್ಟು ಕೊಡುತ್ತೀರಿ? ಮತ್ತೆ ಎಷ್ಟು ಹೊತ್ತಿಗೆ?
* ನಿನ್ನೆಗಿಂತ ಬಣ್ಣ ಅಥವಾ ಅಳತೆ ಬೇರೆ ಕಾಣುತ್ತಿದೆ, ಯಾಕೆ?

ಮರಾಠಿ ಅಷ್ಟಾಗಿ ಬಾರದೇ? 'ವಜನ್ ಕಿತಿ ಲಿಹಿಲಂಯ್?' ಎಂದರೆ ಸಾಕು, ತೂಕ ಎಷ್ಟು ಬರೆದಿದೆ ಎಂದು ಕೇಳಿದಂತೆ. ಡಾಕ್ಟರು ಬೇಜಾರು ಮಾಡಿಕೊಂಡಾರು ಎಂದು ಸುಮ್ಮನಿರಬೇಡಿ. ಒಂದು ನಿಮಿಷ ತಡವಾದರೂ ಚಿಂತೆಯಿಲ್ಲ, ಕೇಳಿಯೇಬಿಡಿ!